ಅರ್ಧ ಮನೆಯ ಲೈಟ್ ಹೋದಾಗ: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಊರಿಗೇ ಕರೆಂಟ್ ಹೋದರೆ ತಲೆಬಿಸಿ ಇಲ್ಲ. ಎಲ್ಲೋ ಲೈನ್ ಮೇಲೆ ಮರ ಬಿದ್ದಿರುತ್ತದೆ. ಲೈನ್‌ಮ್ಯಾನ್ ಬಂದು ಸರಿ ಮಾಡುವವರೆಗೆ ಎಲ್ಲರೂ ಕತ್ತಲಲ್ಲಿ ಕೂರುವುದು, ಅಷ್ಟೇ. ಕೈಗಾ, ಕದ್ರಾ, ಗೇರುಸೊಪ್ಪದ ವಿದ್ಯುತ್ ಸ್ಥಾವರ ಮೂರೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದ್ದರೂ ಮಳೆಗಾಲದಲ್ಲಿ ಬೆಂಕಿಪೊಟ್ಟಣ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳುವ ಅಭ್ಯಾಸ ನಮಗೆ ಹೋಗಿಲ್ಲ.

ನಿಜವಾದ ಕಿರಿಕಿರಿ ಬೇರೆ. ಫ್ರಿಜ್ ಓಡುತ್ತಿದೆ, ಟಿವಿ ಓಡುತ್ತಿದೆ, ಪಕ್ಕದ ಮನೆಯಲ್ಲೂ ಬೆಳಕಿದೆ. ಆದರೆ ನಮ್ಮ ಜಗಲಿ, ನಡುಮನೆ, ಬಚ್ಚಲಿನ ಲೈಟ್ ಮಾತ್ರ ಒಟ್ಟಿಗೇ ಹೋಗಿವೆ. ಹೆಸ್ಕಾಂಗೆ ಫೋನ್ ಮಾಡಿದರೆ ‘ಅದು ಮನೆಯೊಳಗಿನ ತೊಂದರೆ’ ಅನ್ನುತ್ತಾರೆ, ಅದು ಸರಿಯೇ. ಎಲೆಕ್ಟ್ರಿಷಿಯನ್ ನಾಳೆ ಬರುತ್ತೇನೆ ಅನ್ನುತ್ತಾನೆ. ಅಲ್ಲಿಯವರೆಗೆ ನಾವು ಎಷ್ಟು ಹುಡುಕಬಹುದು, ಎಲ್ಲಿ ಕೈ ಬಿಡಬೇಕು ಅನ್ನುವುದು ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋಡೆಯೊಳಗೆ ಹೋಗುವ ವಯರ್ ನಡುವೆ ಎಲ್ಲೋ ತನ್ನಷ್ಟಕ್ಕೆ ತುಂಡಾಗುವುದು ಬಹಳ ಕಡಿಮೆ. ನೂರಾರು ಅಡಿ ವಯರ್ ಆರಾಮಾಗಿರುತ್ತದೆ, ಹಾಳಾಗುವುದು ಅದರ ತುದಿ. ಸ್ಕ್ರೂ ಕೆಳಗೆ ಕೂರುವ ಜಾಗ, ಟೇಪ್ ಸುತ್ತಿದ ಜಾಯಿಂಟ್, ಹೋಲ್ಡರ್ ಒಳಗಿನ ಪಿನ್, ಸ್ವಿಚ್ಚಿನ ಟರ್ಮಿನಲ್, ಇವೇ. ಕಾರವಾರ, ಅಂಕೋಲಾ, ಗೋಕರ್ಣದ ಕಡೆ ಉಪ್ಪು ಗಾಳಿ ಹಿತ್ತಾಳೆಯನ್ನೂ ಬಿಡುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ತಿಂಗಳುಗಟ್ಟಲೆ ಥಂಡಿ, ಮೇಲಿಂದ ಇರುವೆ, ಹಲ್ಲಿ, ಇಲಿ. ಹಾಗಾಗಿ ಹುಡುಕಾಟ ಅಂದರೆ ಗೋಡೆ ಒಡೆಯುವುದಲ್ಲ, ಯಾವ ಜಾಯಿಂಟ್ ಅಂತ ಪತ್ತೆ ಮಾಡುವುದು.

ಕೈ ಹಾಕುವ ಮೊದಲು

ಮೀಟರ್, ಮೀಟರಿನ ಸೀಲ್, ಅದಕ್ಕಿಂತ ಹಿಂದಿನ ಕಟೌಟ್ ಫ್ಯೂಸ್, ಕಂಬದಿಂದ ಬರುವ ಸರ್ವಿಸ್ ವಯರ್ ಇವು ನಮ್ಮ ಕೆಲಸವೇ ಅಲ್ಲ. ಮೇನ್ ಸ್ವಿಚ್ ಆಫ್ ಮಾಡಿದರೂ ಅಲ್ಲೆಲ್ಲ ಕರೆಂಟ್ ಇದ್ದೇ ಇರುತ್ತದೆ. ಸೀಲ್ ಒಡೆಯುವುದು ಕಾನೂನಿನ ಪ್ರಕಾರ ಅಪರಾಧ ಬೇರೆ. ಹೊಸ ವೈರಿಂಗ್ ಎಳೆಯುವುದು ಲೈಸೆನ್ಸ್ ಇದ್ದವರ ಕೆಲಸ. ಉಳಿದಂತೆ ಬಲ್ಬ್, ಹೋಲ್ಡರ್, ಸ್ವಿಚ್, ಲೂಸ್ ಸ್ಕ್ರೂ ಇಷ್ಟನ್ನು ಟೆಸ್ಟರ್ ಹಿಡಿದು ಅಭ್ಯಾಸ ಇರುವವರು ನೋಡಬಹುದು. ಟೆಸ್ಟರ್ ಹಿಡಿದೇ ಗೊತ್ತಿಲ್ಲದಿದ್ದರೆ ಬೋರ್ಡ್ ಬಿಚ್ಚುವ ಭಾಗ ಬಿಟ್ಟುಬಿಡಿ. ನೋಡಿ ಲೆಕ್ಕ ಹಾಕುವ ಭಾಗ ಮಾತ್ರ ಮಾಡಿದರೂ ಅರ್ಧ ಕೆಲಸ ಮುಗಿದಂತೆ.

ಈಗ ಎಲ್ಲಕ್ಕಿಂತ ಮುಖ್ಯ ಸಂಗತಿ: ಇನ್ವರ್ಟರ್. ನಮ್ಮ ಕಡೆ ಇನ್ವರ್ಟರ್ ಇಲ್ಲದ ಮನೆ ಈಗ ಕಡಿಮೆ. ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ‘ಓಹೋ, ಕರೆಂಟ್ ಹೋಯಿತು’ ಅಂದುಕೊಂಡು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಅಂದರೆ ನೀವು ಮೇನ್ ಆಫ್ ಮಾಡಿ ಧೈರ್ಯವಾಗಿ ಹೋಲ್ಡರ್ ಬಿಚ್ಚುತ್ತಿರುತ್ತೀರಿ, ಹೋಲ್ಡರಿನಲ್ಲಿ ಪೂರ್ತಿ ಕರೆಂಟ್ ಇರುತ್ತದೆ. ಇನ್ವರ್ಟರಿನ ಮುಂದಿನ ಬಟನ್ ಮಾತ್ರ ಆಫ್ ಮಾಡಿದರೂ ಸಾಲದು. ಮೇನ್ ಆನ್ ಇದ್ದರೆ ಲೈನ್ ಕರೆಂಟ್ ಅದರೊಳಗಿಂದ ಹಾದು ಲೈಟಿಗೆ ಹೋಗುತ್ತಲೇ ಇರುತ್ತದೆ. ಎರಡೂ ಆಫ್ ಆಗಬೇಕು: ಮೇನ್ ಒಂದು, ಇನ್ವರ್ಟರ್ ಒಂದು. ಇನ್ವರ್ಟರಿನ ಪ್ಲಗ್ಗನ್ನೂ ಕಿತ್ತಿಡಿ.

ಆಮೇಲೂ ನಂಬಬೇಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಒಂದು ಸಾಕೆಟ್ಟಿನಲ್ಲಿ ಇಟ್ಟು ಅದು ಉರಿಯುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಆಫ್ ಮಾಡಿ, ನೀವು ಮುಟ್ಟುವ ಜಾಗದ ಎಲ್ಲ ವಯರಿಗೂ ಇಟ್ಟು ನೋಡಿ. ಟೆಸ್ಟರೇ ಹಾಳಾಗಿದ್ದು ‘ಕರೆಂಟ್ ಇಲ್ಲ’ ಅಂದುಕೊಂಡವರು ಶಾಕ್ ಹೊಡೆಸಿಕೊಳ್ಳುತ್ತಾರೆ.

ಒದ್ದೆ ಕೈ, ಒದ್ದೆ ನೆಲ ಬೇಡ. ಸಿಮೆಂಟ್ ನೆಲ, ಸಗಣಿ ಸಾರಿಸಿದ ನೆಲ ಎರಡೂ ಮಳೆಗಾಲದಲ್ಲಿ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ರಬ್ಬರ್ ಚಪ್ಪಲಿ ಹಾಕಿ, ಒಣ ಮರದ ಮಣೆ ಮೇಲೆ ನಿಂತುಕೊಳ್ಳಿ. ಕಬ್ಬಿಣದ ಏಣಿ ಬೇಡವೇ ಬೇಡ. ಮನೆಯಲ್ಲಿ ಇನ್ನೊಬ್ಬರು ಇರಲಿ, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿ. ಗುಡುಗು ಮಿಂಚು ಇದ್ದರೆ ಆ ದಿನ ಕೆಲಸವೇ ಬೇಡ.

ಸಾಮಾನು ಜಾಸ್ತಿ ಬೇಕಿಲ್ಲ. ಟೆಸ್ಟರ್, ಇನ್ಸುಲೇಷನ್ ಇರುವ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟೇಪ್, ಟಾರ್ಚ್, ಉರಿಯುತ್ತದೆ ಅಂತ ಖಾತ್ರಿ ಇರುವ ಒಂದು ಬಲ್ಬ್, ಪೆನ್ನು, ಕಾಗದ. ಸಾಧ್ಯವಾದರೆ ಒಂದು ಸಾದಾ ಮಲ್ಟಿಮೀಟರ್. ತಲೆಗೆ ಕಟ್ಟುವ ಹೆಡ್‌ಲೈಟ್ ಇದ್ದರೆ ಎರಡೂ ಕೈ ಖಾಲಿ ಇರುತ್ತವೆ. ತೋಟಕ್ಕೆ ರಾತ್ರಿ ಹೋಗುವವರ ಮನೆಯಲ್ಲಿ ಅದು ಹೇಗೂ ಇರುತ್ತದೆ.

ಹಂತ 1: ಯಾವುದು ಹೋಗಿದೆ, ಯಾವುದು ಉಳಿದಿದೆ

ಕೆಲಸಕ್ಕೆ ಕರೆದವರನ್ನು ಏನಾಗಿದೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಲೈಟೆಲ್ಲ ಹೋಯ್ದು ತಮಾ.’ ಹೋಗಿ ನೋಡಿದರೆ ಎಲ್ಲ ಹೋಗಿರುವುದಿಲ್ಲ. ಕೊಟ್ಟಿಗೆಯದು ಉರಿಯುತ್ತಿರುತ್ತದೆ, ಮೆತ್ತಿನ (ಮಹಡಿಯ) ಫ್ಯಾನ್ ತಿರುಗುತ್ತಿರುತ್ತದೆ. ಆ ಉಳಿದದ್ದೇ ನಮಗೆ ದಾರಿ ತೋರಿಸುವುದು.

ಕಾಗದದ ಮೇಲೆ ಮನೆಯ ನಕ್ಷೆ ಗೀಚಿ. ಚೆಂದ ಇರಬೇಕಿಲ್ಲ. ಪ್ರತಿ ಕೋಣೆಯ ಲೈಟ್, ಫ್ಯಾನ್, 5 ಆಂಪಿನ ಸಾಕೆಟ್ ಎಲ್ಲವನ್ನೂ ಹಾಕಿ ನೋಡಿ. ಉರಿದದ್ದಕ್ಕೆ ಟಿಕ್, ಉರಿಯದ್ದಕ್ಕೆ ಅಡ್ಡಗೆರೆ.

ಒಂದೇ ಲೈಟ್ ಹೋಗಿದ್ದರೆ ಬಲ್ಬ್, ಹೋಲ್ಡರ್, ಅದರ ಸ್ವಿಚ್, ಇವಿಷ್ಟರಲ್ಲೇ ತೊಂದರೆ. ಒಂದು ಬೋರ್ಡಿನ ಎಲ್ಲ ಸ್ವಿಚ್ಚೂ ಸತ್ತಿದ್ದರೆ ಆ ಬೋರ್ಡಿಗೆ ಬರುವ ವಯರ್ ಲೂಸ್. ಎರಡು ಮೂರು ಕೋಣೆ ಒಟ್ಟಿಗೆ ಹೋಗಿದ್ದರೆ ಒಂದು ಸರ್ಕ್ಯೂಟೇ ಹೋಗಿದೆ: ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್), ಫ್ಯೂಸ್, ಇಲ್ಲವೇ ದಾರಿಯಲ್ಲಿನ ಒಂದು ಜಾಯಿಂಟ್. ತ್ರೀ ಫೇಸ್ ಇರುವ ಮನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗಿದ್ದರೆ, ಪಂಪು ಗುಂಯ್ ಅಂದು ಸುಮ್ಮನಾಗುತ್ತಿದ್ದರೆ, ಲೈನಿನಲ್ಲೇ ಒಂದು ಫೇಸ್ (ಕರೆಂಟ್ ಹೊತ್ತು ತರುವ ವಯರ್) ಇಲ್ಲ. ಪಂಪ್ ಆಫ್ ಮಾಡಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ, ಮನೆಯೊಳಗೆ ಹುಡುಕಿ ಪ್ರಯೋಜನ ಇಲ್ಲ.

ಇನ್ನೊಂದು ಲಕ್ಷಣ ನೋಡಿದರೆ ಮಾತ್ರ ಯೋಚನೆ ಮಾಡುತ್ತಾ ನಿಲ್ಲಬೇಡಿ. ಕೆಲವು ಲೈಟ್ ವಿಪರೀತ ಪ್ರಖರ, ಕೆಲವು ಮಂಕು, ಫ್ಯಾನ್ ಒಮ್ಮೆ ಜೋರು ಒಮ್ಮೆ ನಿಧಾನ. ಇದು ಹೊರಗಿನ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವಯರ್, ಕಿತ್ತುಹೋಗಿರುವ ಲಕ್ಷಣ. 230 ಇರಬೇಕಾದ ವೋಲ್ಟೇಜ್ 300 ದಾಟಿಹೋಗಬಹುದು. ಫ್ರಿಜ್, ಟಿವಿ, ಬಲ್ಬ್ ಎಲ್ಲ ನಿಮಿಷಗಳಲ್ಲಿ ಸುಟ್ಟುಹೋಗುತ್ತವೆ. ಓಡಿಹೋಗಿ ಮೇನ್ ಆಫ್ ಮಾಡಿ, ಆಮೇಲೆ ಫೋನ್ ಮಾಡಿ. ಬಿಲ್ಲಿನ ಮೇಲಿರುವ ಆರ್‌.ಆರ್‌. ನಂಬರ್ ಕೈಯಲ್ಲಿರಲಿ, ಅದಿಲ್ಲದೆ ದೂರು ಬರೆಸುವುದು ತ್ರಾಸು.

ಹಂತ 2: ಇನ್ವರ್ಟರ್ ಲೈನಾ, ಸಾದಾ ಲೈನಾ

ಹೋಗಿರುವ ಲೈಟ್‌ಗಳೆಲ್ಲ ಇನ್ವರ್ಟರಿಗೆ ಸೇರಿದವಾ ಅಂತ ನೋಡಿ. ಹೌದಾದರೆ ವೈರಿಂಗಿನ ಸುದ್ದಿಗೇ ಹೋಗುವ ಮೊದಲು ಇನ್ವರ್ಟರ್ ಮುಂದೆ ಕುಳಿತುಕೊಳ್ಳಿ. ಓವರ್‌ಲೋಡ್ ಆಗಿ ನಿಂತಿರಬಹುದು. ಹಿಂಬದಿಯ ರೀಸೆಟ್ ಬಟನ್ ಅಥವಾ ಚಿಕ್ಕ ಎಂಸಿಬಿ ಬಿದ್ದಿರಬಹುದು. ಹಾಗಾದಾಗ ಊರಿನಲ್ಲಿ ಕರೆಂಟ್ ಇದ್ದರೂ ಆ ಲೈಟ್‌ಗಳಿಗೆ ಬರುವುದಿಲ್ಲ. ಜನ ಗೋಡೆ, ಅಟ್ಟ ಎಲ್ಲ ತಡಕಾಡಿ ಕೊನೆಗೆ ಇಲ್ಲಿಗೆ ಬರುತ್ತಾರೆ.

ಪ್ಲಗ್ ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂತಿದೆಯಾ ನೋಡಿ. ಪ್ಲಗ್ ಕಿತ್ತರೆ ಪಿನ್ ಕಪ್ಪಾಗಿದ್ದರೆ, ಸಾಕೆಟ್ ಕರಗಿದ ವಾಸನೆ ಇದ್ದರೆ, ಕಾರಣ ಸಿಕ್ಕಿತು. ಇನ್ವರ್ಟರಿಗೆ ಬೈಪಾಸ್ ಸ್ವಿಚ್ (ಇನ್ವರ್ಟರ್ ಬಿಟ್ಟು ಲೈನ್ ಕರೆಂಟನ್ನು ನೇರ ಲೈಟಿಗೆ ಕೊಡುವಂಥದ್ದು) ಹಾಕಿಸಿದ್ದರೆ ಅದನ್ನು ತಿರುಗಿಸಿ. ಲೈಟ್ ಬಂದರೆ ವೈರಿಂಗ್ ಸರಿ ಇದೆ, ಇನ್ವರ್ಟರಿನದ್ದೇ ರಗಳೆ. ಬೈಪಾಸ್ ಇಲ್ಲದಿದ್ದರೆ ಈ ಸಲ ಎಲೆಕ್ಟ್ರಿಷಿಯನ್ ಬಂದಾಗ ಹಾಕಿಸಿಕೊಳ್ಳಿ, ದೊಡ್ಡ ಖರ್ಚಲ್ಲ.

ಹಂತ 3: ಡಿಬಿ ಬಾಕ್ಸ್

ಡಿಬಿ ಅಂದರೆ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ. ಅದರ ಬಾಗಿಲು ತೆಗೆದು ಎಲ್ಲ ಎಂಸಿಬಿ ಒಂದೇ ಸಾಲಿನಲ್ಲಿ ಮೇಲಿವೆಯಾ ನೋಡಿ. ಟ್ರಿಪ್ ಆದದ್ದು ಪೂರ್ತಿ ಕೆಳಗಿರಬಹುದು, ಕೆಲವು ನಡುವೆಯೇ ನಿಲ್ಲುತ್ತವೆ, ದೂರದಿಂದ ಗೊತ್ತೇ ಆಗುವುದಿಲ್ಲ. ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಿ. ನಿಂತರೆ ಒಳ್ಳೆಯದು. ಕೂಡಲೇ ಮತ್ತೆ ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ಅದು ಬೀಳುವುದು ಏನೋ ಕಾರಣಕ್ಕೆ.

ಲೈಟಿನ ಸರ್ಕ್ಯೂಟಿಗೆ ಸಾಮಾನ್ಯವಾಗಿ 6 ಆಂಪಿನ ಎಂಸಿಬಿ ಇರುತ್ತದೆ. ಲೆಕ್ಕ ಹಾಕಿ: 230 ವೋಲ್ಟಿಗೆ 6 ಆಂಪ್ ಅಂದರೆ ಸುಮಾರು 1380 ವ್ಯಾಟ್. 9 ವ್ಯಾಟಿನ ಹತ್ತು ಎಲ್‌ಇಡಿ ಬಲ್ಬ್ ಸೇರಿದರೂ 90 ವ್ಯಾಟ್. ನಾಲ್ಕು ಫ್ಯಾನ್ ಸೇರಿಸಿ, ಆದರೂ 400 ಆಗುವುದು ಕಷ್ಟ. ಹಾಗಾಗಿ ಬರೀ ಲೈಟಿನಿಂದ ಓವರ್‌ಲೋಡ್ ಆಗುವ ಕಾಲ ಹೋಯಿತು. ಈಗ ಟ್ರಿಪ್ ಆಗುತ್ತಿದೆ ಅಂದರೆ ಸಾಮಾನ್ಯವಾಗಿ ಎರಡೇ ಸಾಧ್ಯತೆ: ಯಾರೋ ಲೈಟಿನ ಬೋರ್ಡಿನ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆಯನ್ನೋ ನೀರು ಕಾಯಿಸುವ ಕೆಟಲನ್ನೋ ಹಾಕಿದ್ದಾರೆ, ಇಲ್ಲವೇ ಎಲ್ಲೋ ಶಾರ್ಟ್ ಇದೆ. ಎಂಸಿಬಿ ಬದಲಿಸಿ 16 ಆಂಪಿನದು ಹಾಕಿದರೆ ಟ್ರಿಪ್ ನಿಲ್ಲುತ್ತದೆ, ನಿಜ. ಆದರೆ 1 ಅಥವಾ 1.5 ಚದರ ಮಿ.ಮೀ.ನ ತೆಳು ವಯರ್ ಗೋಡೆಯೊಳಗೆ ಬಿಸಿಯಾಗುತ್ತದೆ. ಎಂಸಿಬಿ ಇರುವುದು ವಯರ್ ಉಳಿಸಲಿಕ್ಕೆ.

ಹಳೆ ಮನೆಗಳಲ್ಲಿ ಇನ್ನೂ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇದೆ. ಮೇನ್ ಆಫ್ ಮಾಡಿ ಎಳೆದು ನೋಡಿ. ಫ್ಯೂಸ್ ವಯರ್ ನಡುವೆ ಸಣ್ಣದಾಗಿ ಕರಗಿ ತುಂಡಾಗಿದ್ದು, ಪಿಂಗಾಣಿ ಬೆಳ್ಳಗೇ ಇದ್ದರೆ ಲೋಡ್ ಜಾಸ್ತಿಯಾಗಿ ಹೋದದ್ದು, ಅಥವಾ ಹಳೇ ವಯರ್ ಸವೆದು ಹೋದದ್ದು. ವಯರ್ ಇದ್ದ ಜಾಗದಲ್ಲಿ ಏನೂ ಉಳಿಯದೆ, ಪಿಂಗಾಣಿಗೆ ಕಪ್ಪು ಮಸಿ ಹಿಡಿದು, ತಾಮ್ರದ ಸಣ್ಣ ಸಣ್ಣ ಕಾಳು ಅಂಟಿಕೊಂಡಿದ್ದರೆ ಅದು ಶಾರ್ಟ್. ಆಗ ಕಾರಣ ಹುಡುಕದೆ ಹೊಸ ವಯರ್ ಹಾಕಿದರೆ ಅದೂ ಢಬ್ ಅನ್ನುತ್ತದೆ. ಹಾಕುವಾಗ ಅಂಗಡಿಯಲ್ಲಿ ‘5 ಆಂಪಿನ ಫ್ಯೂಸ್ ವಯರ್’ ಅಂತ ಕೇಳಿ ತನ್ನಿ. 0.2 ಮಿ.ಮೀ. ದಪ್ಪದ್ದು, ತವರ ಹಚ್ಚಿದ ತಾಮ್ರ. ಹಳೆ ಫ್ಲೆಕ್ಸಿಬಲ್ ವಯರ್ ಸುಲಿದು ನಾಲ್ಕೆಳೆ ಸುತ್ತುವ ಪದ್ಧತಿ ಬಿಡಬೇಕು. ಎಷ್ಟು ಎಳೆ ಹಾಕಿದರೆ ಎಷ್ಟು ಆಂಪ್ ಅಂತ ಸುತ್ತಿದವನಿಗೂ ಗೊತ್ತಿರುವುದಿಲ್ಲ.

ಎಂಸಿಬಿ ಮೇಲೇ ಇದೆ, ಆದರೂ ಲೈಟ್ ಇಲ್ಲ ಅಂದರೆ? ಮುಂದಕ್ಕೆ ಹೋಗುವ ಮೊದಲು ಅದರ ಔಟ್‌ಪುಟ್ ಸ್ಕ್ರೂಗೆ ಟೆಸ್ಟರ್ ಇಡಿ. ಸಮುದ್ರದ ಹತ್ತಿರದ ಮನೆಗಳಲ್ಲಿ ಲಿವರ್ ಮೇಲಿದ್ದರೂ ಒಳಗಿನ ಕಾಂಟ್ಯಾಕ್ಟ್ ಹಾಳಾಗಿರುವುದುಂಟು. ಒಳಬರುವ ಕಡೆ ಟೆಸ್ಟರ್ ಉರಿದು ಹೊರಹೋಗುವ ಕಡೆ ಉರಿಯದಿದ್ದರೆ ಎಂಸಿಬಿಯನ್ನೇ ಬದಲಿಸಬೇಕು.

ಹಂತ 4: ಟ್ರಿಪ್ ಆಗುತ್ತಿದ್ದರೆ

ಇದು ಸುಲಭ, ಬೋರ್ಡ್ ಬಿಚ್ಚುವ ಕೆಲಸವೂ ಇಲ್ಲ. ಆ ಸರ್ಕ್ಯೂಟಿನ ಎಲ್ಲ ಸ್ವಿಚ್ ಆಫ್ ಮಾಡಿ, ಸಾಕೆಟ್ಟಿನಲ್ಲಿರುವ ಚಾರ್ಜರ್, ಸೊಳ್ಳೆ ಬತ್ತಿ ಮಿಶಿನ್ ಎಲ್ಲ ಕೀಳಿ. ಈಗ ಎಂಸಿಬಿ ಎತ್ತಿ.

ನಿಂತಿತಾ? ಹಾಗಾದರೆ ತೊಂದರೆ ಯಾವುದೋ ಒಂದು ಸ್ವಿಚ್ಚಿನಿಂದ ಆಚೆ ಇದೆ. ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಬಹಳ ಸಲ ಅದು ಹೊರಗಿನ ಲೈಟ್: ಅಂಗಳದ್ದು, ಗೇಟಿನದ್ದು, ಬಚ್ಚಲ ಹೊರಗೋಡೆಯದು. ಮಳೆ ನೀರು ಒಳಗೆ ಸೇರಿರುತ್ತದೆ. ಆ ಸ್ವಿಚ್ ಆಫ್ ಮಾಡಿ ಟೇಪ್ ಅಂಟಿಸಿಬಿಡಿ, ಉಳಿದ ಮನೆ ಬೆಳಗಲಿ. ಅದನ್ನು ಬಿಸಿಲು ಬಂದಾಗ ನೋಡಿದರಾಯಿತು.

ಎಲ್ಲ ಆಫ್ ಇದ್ದರೂ ಬಿದ್ದರೆ ತೊಂದರೆ ಸ್ವಿಚ್ಚಿಗಿಂತ ಹಿಂದೆ, ಅಂದರೆ ಬೋರ್ಡಿನೊಳಗೆ, ಜಂಕ್ಷನ್ ಬಾಕ್ಸಿನಲ್ಲಿ ಅಥವಾ ಪೈಪಿನೊಳಗೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಸ್ಲ್ಯಾಬಿನಿಂದ ಇಳಿದ ನೀರು ಪೈಪಿನ ಒಳಗೇ ಹರಿದು ಸ್ವಿಚ್ ಬೋರ್ಡಿನ ಅಂಚಿನಿಂದ ತೊಟ್ಟಿಕ್ಕುವುದನ್ನು ನೋಡಿರಬಹುದು. ಹಾಗಿದ್ದರೆ ಎಂಸಿಬಿ ಆಫ್ ಇಟ್ಟು ಬಿಟ್ಟುಬಿಡಿ. ಪೂರ್ತಿ ಒಣಗಿ, ಮೆಗ್ಗರ್ (ಇನ್ಸುಲೇಷನ್ ಸರಿ ಇದೆಯಾ ಅಂತ ಅಳೆಯುವ ಉಪಕರಣ) ಇಟ್ಟು ಪರೀಕ್ಷೆ ಮಾಡಿಸುವವರೆಗೆ ಆ ಲೈನ್ ಬೇಡ.

ಆರ್‌ಸಿಸಿಬಿ ಬೀಳುತ್ತಿದ್ದರೆ ಕಥೆ ಸ್ವಲ್ಪ ಬೇರೆ. ಮನೆಗಳಲ್ಲಿ ಹಾಕುವುದು 30 ಮಿಲಿಆಂಪಿನದು. ಅಷ್ಟು ಕರೆಂಟ್ ನೆಲಕ್ಕೆ ಸೋರಿದರೆ ಸಾಕು, ಕಡಿದುಬಿಡುತ್ತದೆ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಆದರೆ ಎಲ್ಲ ಎಂಸಿಬಿ ಕೆಳಗಿದ್ದಾಗಲೂ ಆರ್‌ಸಿಸಿಬಿ ನಿಲ್ಲದೆ ಇರಬಹುದು. ಗಾಬರಿ ಬೇಡ, ಅದು ಹಾಳಾಗಿದೆ ಅಂತಲೂ ಅಲ್ಲ. ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಎಲ್ಲೋ ನ್ಯೂಟ್ರಲ್ ವಯರ್ ಅರ್ಥಿಗೆ, ಅಥವಾ ಒದ್ದೆ ಗೋಡೆಗೆ ತಾಗಿದ್ದರೂ ಆರ್‌ಸಿಸಿಬಿ ಬೀಳುತ್ತದೆ. ಅದನ್ನು ಹುಡುಕಲು ಡಿಬಿಯಲ್ಲಿ ನ್ಯೂಟ್ರಲ್ ವಯರ್‌ಗಳನ್ನು ಒಂದೊಂದಾಗಿ ಬಿಚ್ಚಬೇಕು, ಎಲೆಕ್ಟ್ರಿಷಿಯನ್ ಮಾಡಲಿ. ‘ಮಳೆಗಾಲದಲ್ಲಿ ಇದರದ್ದೊಂದು ಕಾಟ’ ಅಂತ ಆರ್‌ಸಿಸಿಬಿ ತೆಗೆದು ನೇರ ಜೋಡಿಸುವವರಿದ್ದಾರೆ. ಒದ್ದೆ ಬಚ್ಚಲಲ್ಲಿ ಗೀಸರ್ ಮುಟ್ಟುವವರು ಮನೆಯವರೇ ಅನ್ನುವುದು ನೆನಪಿರಲಿ.

ಹಂತ 5: ಬಲ್ಬ್ ಮತ್ತು ಹೋಲ್ಡರ್

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮರುದಿನ ಮೂರು ನಾಲ್ಕು ಲೈಟ್ ಒಟ್ಟಿಗೆ ಹೋಗಿದ್ದರೆ ಸರ್ಕ್ಯೂಟ್ ಹೋಗಿದೆ ಅಂತ ತೀರ್ಮಾನಿಸಬೇಡಿ. ಸಿಡಿಲು ಎಲ್ಲೋ ಲೈನಿಗೆ ಹೊಡೆದಾಗ ಎಲ್‌ಇಡಿಯ ಒಳಗಿನ ಡ್ರೈವರ್ (ಅದಕ್ಕೆ ಬೇಕಾದಂತೆ ಕರೆಂಟ್ ಬದಲಿಸಿ ಕೊಡುವ ಭಾಗ) ಸುಡುತ್ತದೆ. ಎಂಸಿಬಿ ಮಾತ್ರ ಏನೂ ಆಗದಂತೆ ನಿಂತಿರುತ್ತದೆ. ಉರಿಯುವ ಒಂದು ಬಲ್ಬನ್ನು ಬೇರೆ ಕೋಣೆಯಿಂದ ತಂದು ಪ್ರತಿ ಹೋಲ್ಡರಿಗೂ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಬಲ್ಬ್ ಸರಿ ಇದ್ದೂ ಉರಿಯದಿದ್ದರೆ ಹೋಲ್ಡರ್ ನೋಡಬೇಕು. ಮೇನ್, ಇನ್ವರ್ಟರ್ ಎರಡೂ ಆಫ್ ಮಾಡಿ ಟಾರ್ಚ್ ಬಿಟ್ಟು ಒಳಗೆ ಇಣುಕಿ. ಎರಡು ಹಿತ್ತಾಳೆ ಪಿನ್ ಕಾಣುತ್ತವೆ. ಒತ್ತಿದರೆ ಸ್ಪ್ರಿಂಗ್ ಇರುವಂತೆ ಹಿಂದೆ ಬರಬೇಕು. ಕರಾವಳಿಯ ಅಡುಗೆಮನೆಯ ಹೋಲ್ಡರಿನಲ್ಲಿ ಎಷ್ಟೋ ಸಲ ಒಂದು ಪಿನ್ ಒಳಗೇ ಸಿಕ್ಕಿಕೊಂಡಿರುತ್ತದೆ. ಅದರ ಸುತ್ತ ಹಸಿರು ಮಿಶ್ರಿತ ಬಿಳಿ ಪುಡಿ, ಅದರ ಮೇಲೆ ಒಗ್ಗರಣೆಯ ಎಣ್ಣೆ ಹೊಗೆಯ ಜಿಡ್ಡು, ಅದಕ್ಕೆ ಅಂಟಿದ ಎರಡು ಸತ್ತ ಇರುವೆ. ಕೆರೆದು ಸರಿ ಮಾಡಿದರೆ ಒಂದು ತಿಂಗಳು ನಡೆಯುತ್ತದೆ, ಆಮೇಲೆ ಮತ್ತೆ ಅದೇ. ಹೋಲ್ಡರ್ ಬದಲಿಸಿ, ದೊಡ್ಡ ಬೆಲೆಯದಲ್ಲ. ವಯರಿನ ತುದಿ ಕಪ್ಪಾಗಿದ್ದರೆ ಅಥವಾ ಹಸಿರಾಗಿದ್ದರೆ ಅಷ್ಟು ಕತ್ತರಿಸಿ, ಹೊಸ ತಾಮ್ರ ಕಾಣುವವರೆಗೆ ಸುಲಿದು, ಆಮೇಲೆ ಸ್ಕ್ರೂ ಬಿಗಿ ಮಾಡಿ.

ಟ್ಯೂಬ್‌ಲೈಟ್ ಹಳೆಯ ಚೋಕಿನದಾದರೆ ಸ್ಟಾರ್ಟರ್ ಬದಲಿಸಿ ನೋಡಿ. ಎಲ್‌ಇಡಿ ಟ್ಯೂಬಾದರೆ ಸಾಮಾನ್ಯವಾಗಿ ಡ್ರೈವರ್ರೇ.

ಮಹಡಿ ಮೆಟ್ಟಿಲಿನ ಲೈಟ್ ಕೆಳಗಿನ ಸ್ವಿಚ್ ಒಂದು ಕಡೆ ಇದ್ದಾಗ ಮಾತ್ರ ಮೇಲಿನಿಂದ ಉರಿಯುತ್ತದೆ ಅಂದರೆ ಟೂ ವೇ ಸ್ವಿಚ್ಚುಗಳಲ್ಲಿ ಒಂದರ ಕಾಂಟ್ಯಾಕ್ಟ್ ಹೋಗಿದೆ, ಅಥವಾ ಅವೆರಡರ ನಡುವಿನ ಎರಡು ವಯರಿನಲ್ಲಿ ಒಂದು ಕಿತ್ತಿದೆ. ಮೊದಲು ಸ್ವಿಚ್ ಬದಲಿಸಿ ನೋಡಿ.

ಹಂತ 6: ಸಾಲಿನಲ್ಲಿ ಮೊದಲ ಸತ್ತ ಲೈಟ್

ಎಂಸಿಬಿ ಮೇಲಿದೆ, ಬಲ್ಬ್ ಸರಿ ಇವೆ, ಆದರೂ ಎರಡು ಮೂರು ಕೋಣೆ ಕತ್ತಲು. ಈಗ ನಕ್ಷೆ ಕೆಲಸಕ್ಕೆ ಬರುತ್ತದೆ. ಲೈಟಿನ ಸರ್ಕ್ಯೂಟ್ ಅಂದರೆ ಅಡಕೆ ತೋಟದ ನೀರಿನ ಪೈಪ್ ಇದ್ದಂತೆ. ಒಂದು ಮರದಿಂದ ಇನ್ನೊಂದಕ್ಕೆ ಲೈನ್ ಮುಂದೆ ಹೋಗುತ್ತದೆ, ಎಲ್ಲಿ ಕಟ್ಟಿಕೊಂಡಿತೋ ಅಲ್ಲಿಂದ ಮುಂದಿನದ್ದೆಲ್ಲ ಒಣ. ಫೇಸ್ ಒಂದು ಬೋರ್ಡಿನಿಂದ ಮುಂದಿನ ಬೋರ್ಡಿಗೆ ಲೂಪ್ ಆಗುತ್ತದೆ. ನ್ಯೂಟ್ರಲ್ ಹೊಸ ಮನೆಗಳಲ್ಲಿ ಬೋರ್ಡಿನಲ್ಲೇ, ಹಳೆ ಮನೆಗಳಲ್ಲಿ ಕೆಲವು ಸಲ ಲೈಟಿನ ಹತ್ತಿರದ ಸೀಲಿಂಗ್ ರೋಸಿನಲ್ಲಿ (ಸೀಲಿಂಗಿಗೆ ಹೊಡೆದ, ವಯರ್ ಜೋಡಿಸುವ ದುಂಡು ಡಬ್ಬಿ) ಲೂಪ್ ಆಗುತ್ತದೆ.

ಹಾಗಾಗಿ ಡಿಬಿಯಿಂದ ಹೊರಟು ಉರಿಯುವ ಕೊನೆಯ ಪಾಯಿಂಟ್ ಯಾವುದು, ಸತ್ತ ಮೊದಲನೆಯದು ಯಾವುದು ಅಂತ ಗುರುತಿಸಿ. ಬಹಳ ಮಟ್ಟಿಗೆ ತೊಂದರೆ ಈ ಎರಡರಲ್ಲಿ ಒಂದರ ಜಾಯಿಂಟಿನಲ್ಲಿ ಇರುತ್ತದೆ. ಉರಿಯುವ ಬೋರ್ಡನ್ನೂ ಬಿಚ್ಚಿ ನೋಡಬೇಕು ಅನ್ನುವುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮುಂದಕ್ಕೆ ಹೋಗುವ ವಯರ್ ಲೂಸ್ ಆಗಿರುವುದು ಅಲ್ಲೇ ಇರಬಹುದು.

ಬಿಚ್ಚುವ ಮೊದಲು ಆಫ್, ಟೆಸ್ಟರ್, ಮೇಲೆ ಹೇಳಿದ ಕ್ರಮದಲ್ಲೇ. ಪ್ಲೇಟ್ ಮುಂದೆ ಬಂದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಮೂಸಿ ನೋಡಿ. ಸುಟ್ಟ ಬೇಕಲೈಟಿನ ವಾಸನೆ ಮೂಗಿಗೆ ಬೇಗ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ ಜಾಗ, ಇನ್ಸುಲೇಷನ್ ಗಟ್ಟಿಯಾಗಿ ಸಿಡಿದ ಜಾಗ ಹುಡುಕಿ. ಪ್ರತಿ ವಯರನ್ನು ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿದ್ದದ್ದು ಬರುವುದಿಲ್ಲ. ಸ್ಕ್ರೂ ಕೆಳಗೆ ಸುಮ್ನೆ ಕೂತಿದ್ದದ್ದು ಕೈಗೇ ಬರುತ್ತದೆ.

ಬೋರ್ಡಿನೊಳಗೆ ಏನೇನು ಸಿಗುತ್ತದೆ ಅನ್ನುವುದು ಒಂದು ಪಟ್ಟಿಯೇ ಆಗುತ್ತದೆ. ಎರಡು ಟರ್ಮಿನಲ್ಲಿನ ನಡುವೆ ಸತ್ತು ಒಣಗಿದ ಹಲ್ಲಿ, ಬಾಲ ಇನ್ನೂ ಒಂದು ಸ್ಕ್ರೂಗೆ ತಾಗಿಕೊಂಡೇ ಇರುತ್ತದೆ. ಸ್ವಿಚ್ಚಿನ ಕಾಂಟ್ಯಾಕ್ಟಿನ ನಡುವೆ ಸಿಕ್ಕಿಕೊಂಡ ಇರುವೆಗಳ ಪದರ, ಸ್ವಿಚ್ ಟಕ್ ಅಂದರೂ ಕರೆಂಟ್ ದಾಟುವುದಿಲ್ಲ. ಪೈಪಿನ ಬಾಯಿಗೆ ಕಣಜ ಕಟ್ಟಿದ ಮಣ್ಣಿನ ಗೂಡು. ಹಳೆ ಮರದ ಬೋರ್ಡಾದರೆ ಒರಲೆ. ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ, ಹಾಳಾದ ಸ್ವಿಚ್ ಬದಲಿಸಿ. ಕೆಲಸ ಮುಗಿದ ಮೇಲೆ ಪೈಪಿನ ಬಾಯಿ, ಬೋರ್ಡಿನ ಹಿಂದಿನ ಸಂದು ಮುಚ್ಚುವುದು ಮರೆಯಬೇಡಿ. ಬೋರ್ಡಿನೊಳಗೆ ಕೀಟನಾಶಕ ಹೊಡೆಯಬೇಡಿ, ಕೆಲವು ಸ್ಪ್ರೇ ಬೆಂಕಿ ಹಿಡಿಯುವಂಥವು.

ಹಳೆ ಮನೆಗಳಲ್ಲಿ ಇನ್ನೊಂದು ಜಾಗ ಇದೆ, ಅಟ್ಟ. ಹಂಚಿನ ಮಾಡಿನ ಕೆಳಗೆ ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದ ವಯರ್. ಹಂಚು ಜಾರಿದ ಕಡೆ ಸೋರಿದ ನೀರು ಜಾಯಿಂಟಿನ ಟೇಪಿನೊಳಗೆ ಸೇರುತ್ತದೆ. ಇಲಿ ಕಡಿದ ಜಾಗದಲ್ಲಿ ತಾಮ್ರ ಹೊಳೆಯುತ್ತಿರುತ್ತದೆ. ಅಲ್ಯೂಮಿನಿಯಂ ವಯರಿಗೆ ತಾಮ್ರದ ವಯರ್ ಸುಮ್ನೆ ತಿರುಚಿ ಜೋಡಿಸಿದ್ದರೆ ಅದು ಇಂದಲ್ಲ ನಾಳೆ ಕೈಕೊಡುತ್ತದೆ. ಎರಡು ಲೋಹ ಸೇರಿದ ಕಡೆ ಥಂಡಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಟ್ಟದಲ್ಲಿ ಕೆಲಸ ಮಾಡುವಾಗ ಮೇನ್, ಇನ್ವರ್ಟರ್ ಎರಡೂ ಆಫ್ ಇರಲೇಬೇಕು. ಕತ್ತಲಲ್ಲಿ ಯಾವ ವಯರ್ ಕೈಗೆ ತಾಗುತ್ತದೆ ಹೇಳಲಿಕ್ಕೆ ಬರುವುದಿಲ್ಲ.

ಟೆಸ್ಟರ್ ಎರಡೂ ಕಡೆ ಉರಿದರೆ

ಇದೊಂದು ಎಲ್ಲರನ್ನೂ ತಬ್ಬಿಬ್ಬು ಮಾಡುವ ಸಂಗತಿ. ಸ್ವಿಚ್ ಹಾಕಿದ್ದೀರಿ, ಬಲ್ಬ್ ಉರಿಯುತ್ತಿಲ್ಲ. ಫೇಸ್ ವಯರಿಗೆ ಟೆಸ್ಟರ್ ಇಟ್ಟರೆ ಉರಿಯುತ್ತದೆ. ಸರಿ. ನ್ಯೂಟ್ರಲ್ ವಯರಿಗೆ ಇಟ್ಟರೆ ಅಲ್ಲೂ ಉರಿಯುತ್ತದೆ! ಕರೆಂಟ್ ಜಾಸ್ತಿ ಬಂದಿದೆ ಅಂತಲ್ಲ. ನ್ಯೂಟ್ರಲ್ ಎಲ್ಲೋ ಕಿತ್ತಿದೆ. ಫೇಸ್ ಬಲ್ಬಿನ ಮೂಲಕ ದಾಟಿ ಆಚೆ ಬಂದಿದೆ, ವಾಪಸ್ ಹೋಗಲು ದಾರಿ ಇಲ್ಲದೆ ನಿಂತಿದೆ. ನ್ಯೂಟ್ರಲ್ಲಿನ ಕಪ್ಪು ವಯರ್ ಅಂತ ಧೈರ್ಯವಾಗಿ ಮುಟ್ಟಿದರೆ ಆ ದಾರಿ ನೀವೇ ಆಗುತ್ತೀರಿ.

ಮಲ್ಟಿಮೀಟರ್ ಇದ್ದರೆ ಗೊಂದಲವೇ ಇಲ್ಲ. ಎಸಿ ವೋಲ್ಟ್‌ಗೆ ಇಟ್ಟು, ಫೇಸ್ ಮತ್ತು ನ್ಯೂಟ್ರಲ್ ನಡುವೆ ನೋಡಿ, ಆಮೇಲೆ ಫೇಸ್ ಮತ್ತು ಅರ್ಥ್ ನಡುವೆ. ಎರಡೂ ಕಡೆ 230ರ ಆಸುಪಾಸು ಇದ್ದರೆ ಕರೆಂಟ್ ಸರಿಯಾಗಿ ಬರುತ್ತಿದೆ, ಮುಂದೆ ನೋಡಿ. ನ್ಯೂಟ್ರಲ್ ಜೊತೆ ಸೊನ್ನೆ ಅಥವಾ ಅರ್ಥವಿಲ್ಲದ ಯಾವುದೋ ಸಂಖ್ಯೆ, ಅರ್ಥ್ ಜೊತೆ ಮಾತ್ರ 230 ಬಂದರೆ ನ್ಯೂಟ್ರಲ್ ಕಿತ್ತಿದೆ. ಎರಡರಲ್ಲೂ ಏನೂ ಇಲ್ಲದಿದ್ದರೆ ಫೇಸೇ ಬಂದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಅರ್ಥಿಂಗೇ ಸರಿ ಇಲ್ಲದಿದ್ದರೆ ಈ ಲೆಕ್ಕ ತಪ್ಪುತ್ತದೆ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಅರ್ಥ್ ಗುಂಡಿಗೆ ಆಗಾಗ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ ಅರ್ಥ್. ಇನ್ನು ಬಲ್ಬಿನ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ಫೇಸ್, ಅರ್ಥ್ ನಡುವೆ ಹಿಡಿದರೆ ಆರ್‌ಸಿಸಿಬಿ ಬೀಳುತ್ತದೆ, ಹೊಸ ತೊಂದರೆ ಅಂತ ಗಾಬರಿಯಾಗಬೇಡಿ.

ನ್ಯೂಟ್ರಲ್ ಕೀಳುವ ಜಾಗ ಹುಡುಕುವುದು ಇದೇ ಸಾಲಿನಲ್ಲೇ: ಉರಿಯುವ ಕೊನೆಯ ಬೋರ್ಡ್, ಸತ್ತ ಮೊದಲ ಬೋರ್ಡ್, ನಡುವಿನ ಸೀಲಿಂಗ್ ರೋಸ್. ಇಡೀ ಸರ್ಕ್ಯೂಟೇ ಹೋಗಿದ್ದರೆ ಡಿಬಿಯೊಳಗಿನ ನ್ಯೂಟ್ರಲ್ ಲಿಂಕ್, ಅಂದರೆ ಕಪ್ಪು ವಯರ್‌ಗಳೆಲ್ಲ ಸಾಲಾಗಿ ಸೇರುವ ಹಿತ್ತಾಳೆ ಪಟ್ಟಿ. ಕಾರವಾರದಂಥ ಕಡೆ ಅದರ ಸ್ಕ್ರೂ ಹಸಿರುಗಟ್ಟಿ, ಸ್ಕ್ರೂಡ್ರೈವರ್ ಜಾರುವಷ್ಟು ಹಾಳಾಗಿರುತ್ತದೆ. ಅಂಥ ಪಟ್ಟಿಯನ್ನು ಬಿಗಿ ಮಾಡಲು ಹೋಗಬೇಡಿ, ಪೂರ್ತಿ ಹೊಸದು ಹಾಕಿಸಿ.

ಮತ್ತೆ ಆನ್ ಮಾಡುವಾಗ, ಅಥವಾ ಕೈ ಬಿಡುವಾಗ

ಜಾಯಿಂಟ್ ಸಿಕ್ಕಿ ಸರಿ ಮಾಡಿದ್ದರೆ ಪ್ಲೇಟ್ ಪೂರ್ತಿ ಮುಚ್ಚಿ, ಆಮೇಲೆ ಆನ್ ಮಾಡಿ. ಮೊದಲು ಮೇನ್, ಆಮೇಲೆ ಆ ಎಂಸಿಬಿ, ಕೊನೆಗೆ ಇನ್ವರ್ಟರ್. ಆ ಸಾಲಿನ ಎಲ್ಲ ಲೈಟ್, ಫ್ಯಾನ್ ಒಟ್ಟಿಗೆ ಹಾಕಿ ಅರ್ಧ ಗಂಟೆ ಬಿಡಿ. ಒಣ ಕೈಯ ಹಿಂಭಾಗದಿಂದ ಬೋರ್ಡಿನ ಪ್ಲೇಟ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ, ಸಣ್ಣಗೆ ಚರಚರ ಶಬ್ದ ಬರುತ್ತಿದ್ದರೆ ಜಾಯಿಂಟ್ ಇನ್ನೂ ಲೂಸ್ ಇದೆ. ಆಫ್ ಮಾಡಿ ಇನ್ನೊಮ್ಮೆ ನೋಡಿ. ಡಿಬಿ ಬಾಗಿಲಿನ ಒಳಗೆ ಯಾವ ಎಂಸಿಬಿ ಯಾವ ಕೋಣೆಗೆ ಅಂತ ಮಾರ್ಕರಿನಲ್ಲಿ ಬರೆದುಬಿಡಿ, ನಕ್ಷೆ ಹೇಗೂ ಕೈಯಲ್ಲೇ ಇದೆಯಲ್ಲ.

ಸಿಗದಿದ್ದರೆ ಬಿಟ್ಟುಬಿಡುವುದೇ ಸರಿ. ಸುಟ್ಟ ವಾಸನೆ ಬರುತ್ತಿದ್ದೂ ಜಾಗ ಕಾಣದಿದ್ದರೆ, ಗೋಡೆ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ, ಡಿಬಿಯೊಳಗೆ ಕಪ್ಪಾಗಿದ್ದರೆ ಆ ಕ್ಷಣವೇ ಮೇನ್ ಆಫ್, ಇನ್ವರ್ಟರ್ ಆಫ್. ಅಂಗಳದಲ್ಲಿ ಸರ್ವಿಸ್ ವಯರ್ ಬಿದ್ದಿದ್ದರೆ ದನಕರು, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಂಡು 1912ಕ್ಕೆ ಫೋನ್ ಮಾಡಿ.

ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದಾಗ ‘ಲೈಟಿಲ್ಲ, ಬೇಗ ಬಾ’ ಅಂದರೆ ಅವನಿಗೇನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: ‘ಎಂಸಿಬಿ ಬಿದ್ದಿಲ್ಲ. ಬಲ್ಬ್ ಬದಲಿಸಿ ನೋಡಿದ್ದೇನೆ. ಜಗಲಿಯದು ಉರಿಯುತ್ತದೆ, ನಡುಮನೆಯಿಂದ ಮುಂದಿನದ್ದೆಲ್ಲ ಇಲ್ಲ. ನಡುಮನೆ ಹೋಲ್ಡರಿನಲ್ಲಿ ಟೆಸ್ಟರ್ ಎರಡೂ ಕಡೆ ಉರಿಯುತ್ತದೆ. ಆ ಲೈನಿಗೆ ಇನ್ವರ್ಟರ್ ಇದೆ.’ ಬೋರ್ಡಿನ ಫೋಟೊವನ್ನೂ ಕಳಿಸಿ. ಯಾವ ಸ್ವಿಚ್, ಎಷ್ಟು ವಯರ್ ಹಿಡಿದು ಬರಬೇಕು ಅಂತ ಅವನು ಪೇಟೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಡುತ್ತಾನೆ.